ಕಣದ ಮೇಲೆ ನಿಂತ ನೀಲಿ ಸುಬಾರು

ಬೆಳಿಗ್ಗೆ ಆರೂಕಾಲು. ಆಲೂರು ತಾಲ್ಲೂಕಿನ ಕುಂದೂರಿನಿಂದ ಒಂದೂವರೆ ಮೈಲಿ ಒಳಗೆ, ಒಂದು ತೋಟದ ಮನೆಯ ಮುಂದಿನ ಕಣದಲ್ಲಿ ನೀಲಿ ಬಣ್ಣದ ಹಳೆಯ ಕಾರೊಂದು ನಿಂತಿದೆ. ಜನವರಿಯ ಚಳಿಗೆ ಅದರ ಗಾಜಿನ ಮೇಲೆಲ್ಲ ಇಬ್ಬನಿ. ಬಾನೆಟ್ ಎತ್ತಿ ಅದರೊಳಗೆ ಸೊಂಟದವರೆಗೆ ಬಗ್ಗಿರುವವರ ಹೆಸರು ಜವರಯ್ಯ, ವಯಸ್ಸು ಅರವತ್ತೆರಡು. ಕಾಲಲ್ಲಿ ಚಪ್ಪಲಿ ಇಲ್ಲ. ಸಗಣಿ ಸಾರಿಸಿದ ಕಣವನ್ನು ಚಪ್ಪಲಿ ಮೆಟ್ಟಿ ತುಳಿಯುವಂತಿಲ್ಲ ಎಂಬುದು ಈ ಕಡೆಯ ಕಟ್ಟುನಿಟ್ಟು. ಕಾರಿಗೂ ರಿಯಾಯಿತಿ ಸಿಕ್ಕಿಲ್ಲ. ನಿನ್ನೆ ಸಂಜೆ ನಾಲ್ಕೂ ಟೈರು ಉಜ್ಜಿ ತೊಳೆದ ಮೇಲೆಯೇ ಅದನ್ನು ಕಣಕ್ಕೆ ಬಿಟ್ಟುಕೊಂಡದ್ದು.

ಮೆಕ್ಯಾನಿಕ್ ಎಂದ ಮೇಲೆ ಕೈಯಲ್ಲಿ ಸ್ಪ್ಯಾನರ್ ಇರಬೇಕು. ಜವರಯ್ಯನವರ ಕೈಯಲ್ಲಿರುವುದು ಗಾರೆ ಕೆಲಸದವರು ಗೋಡೆ ಕಟ್ಟುವಾಗ ಇಟ್ಟು ನೋಡುವ ರಸಮಟ್ಟ. ಅದನ್ನು ಎಂಜಿನ್ನಿನ ಮೇಲೆ ಅಡ್ಡಲಾಗಿ ಇಟ್ಟು, ಒಳಗಿನ ಗಾಳಿಗುಳ್ಳೆ ನಡುವಿಗೆ ಬಂದು ನಿಲ್ಲುವವರೆಗೆ ಕಣ್ಣು ಮಿಟುಕಿಸದೆ ಕಾಯುತ್ತಾರೆ. ಆಮೇಲೆ ನನ್ನನ್ನು ಕರೆಯುತ್ತಾರೆ. ‘ಗುಳ್ಳೆ ಮಧ್ಯಕ್ಕೇ ಐತೆ. ನೀವೂ ಒಂದ್ಸಲ ನೋಡ್ಬುಡಿ ಸಾರ್. ಆಮೇಲೆ ಜವ್ರಯ್ಯ ಒಬ್ನೇ ನೋಡಿದ್ದು ಅನ್ನಂಗಾಗ್ಬಾರ್ದು.’

ನೋಡಿದೆ. ಗುಳ್ಳೆ ನಡುವಿಗೇ ಇದೆ. ಇನ್ನು ಉಳಿದಿರುವುದು ಕೀಲಿ ತಿರುಗಿಸುವುದು. ಎಂಜಿನ್ ಶುರುವಾದಾಗ ಹಿಂದಿನ ಸೈಲೆನ್ಸರಿನಿಂದ ನೀಲಿ ಹೊಗೆ ಬರದಿದ್ದರೆ ಈ ಕಾರು ಬದುಕಿದೆ ಎಂದು ಅರ್ಥ. ಬಂದರೆ ಎಂಜಿನ್ನಿನ ಎರಡೂ ಹೆಡ್ ಬಿಚ್ಚಿ ಇದರ ಜೊತೆಗಾರ ಬಿಳಿ ಕಾರಿಗೆ ಹಾಕುವುದು, ಉಳಿದದ್ದನ್ನು ಗುಜರಿಗೆ ಕೊಡುವುದು ಎಂದು ಮಾತಾಗಿದೆ. ಹದಿನಾಲ್ಕು ವರ್ಷದ ಹಿಂದೆ ‘ಇದರ ಎಂಜಿನ್ ಸತ್ತಿದೆ’ ಎಂದು ತೀರ್ಪು ಕೊಟ್ಟು ಇದನ್ನು ಮೂಲೆಗೆ ತಳ್ಳಿಸಿದವರು ಬೇರಾರೂ ಅಲ್ಲ, ಇದೇ ಜವರಯ್ಯ. ‘ಇಲ್ಲ, ನಾನೇ ತಪ್ಪು ಹೇಳಿದ್ದೆ’ ಎಂದು ಎರಡು ತಿಂಗಳಿಂದ ಹೇಳುತ್ತಿರುವವರೂ ಅವರೇ. ಇವತ್ತು ಹೊಗೆ ಬಂದರೆ ಅವರ ಮಾತು ಎರಡನೆಯ ಸಲ ಸುಳ್ಳಾಗುತ್ತದೆ.

ಇದನ್ನು ನೋಡಲು ನಿಂತಿರುವವರು ಇಬ್ಬರು. ಒಬ್ಬರು ಮನೆಯ ಯಜಮಾನಿ, ಎಪ್ಪತ್ತನಾಲ್ಕರ ತಾಯಮ್ಮ. ತಲೆಗೆ ಟವೆಲ್ ಸುತ್ತಿಕೊಂಡು, ಕಣದ ಅಂಚಿನಲ್ಲಿ ಟಾರ್ಪಾಲು ಹೊದಿಸಿದ ಕಾಫಿ ರಾಶಿಗೆ ಒರಗಿದ್ದಾರೆ. ಒಣಗುತ್ತಿದ್ದ ಕಾಫಿಯನ್ನೆಲ್ಲ ಬಾಚಿ ಒಂದು ಬದಿಗೆ ಸರಿಸಿ, ತೆರವಾದ ಕಣವನ್ನು ಒಂದು ರಾತ್ರಿಯ ಮಟ್ಟಿಗೆ ಕಾರಿಗೆ ಬಿಟ್ಟುಕೊಟ್ಟವರು ಅವರು. ಇನ್ನೊಬ್ಬರು ವನಗೂರು ಕಡೆಯ ಪಶುವೈದ್ಯೆ ಚೈತ್ರಶ್ರೀ, ಬಿಳಿ ಕಾರಿನ ಒಡತಿ. ಅವರ ಔಷಧಿ ಪೆಟ್ಟಿಗೆ ಆಗಲೇ ನೀಲಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಿದೆ. ಇದೊಂದು ಬಗೆಯ ನಂಬಿಕೆ ಎನ್ನಬೇಕು.

ನನಗೆ ಕಾರಿನ ಬಗ್ಗೆ ಗೊತ್ತಿರುವುದು ಪೆಟ್ರೋಲ್ ಹಾಕುವ ಬಾಯಿ ಯಾವ ಕಡೆಗಿದೆ ಎಂಬುದಷ್ಟೇ. ಆದರೂ ಆಗಿನಿಂದ ಸೈಲೆನ್ಸರಿನ ಕಡೆಗೇ ನೋಡುತ್ತ ನಿಂತಿದ್ದೇನೆ. ಬರೆಯಲೆಂದು ಬಂದು ಜವರಯ್ಯನವರ ಜೊತೆ ನಾಲ್ಕು ದಿನ ಕಳೆದರೆ ಯಾರಿಗಾದರೂ ಹೀಗೇ ಆಗುತ್ತದೆ.

ಜವರಯ್ಯನವರ ಷೆಡ್ಡು ಇರುವುದು ಹಾನುಬಾಳಿನಲ್ಲಿ, ಬಸ್ ನಿಲ್ಲುವ ಜಾಗದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಬೋರ್ಡು ಇಲ್ಲ. ‘ಬೋರ್ಡ್ ಹಾಕುದ್ರೆ ಗೊತ್ತಿಲ್ದೋರು ಬತ್ತಾರೆ’ ಎನ್ನುವುದು ಅವರ ವಾದ. ಹದಿನಾರನೆಯ ವಯಸ್ಸಿಗೆ ಎಸ್ಟೇಟ್ ಒಂದರ ಜೀಪಿಗೆ ಕ್ಲೀನರ್ ಆಗಿ ಸೇರಿ, ಅಲ್ಲಿನ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ಮೈಗೆಲ್ಲ ಗ್ರೀಸು ಮೆತ್ತಿಸಿಕೊಂಡು, ಮೂವತ್ತೈದು ವರ್ಷದ ಹಿಂದೆ ಸ್ವಂತ ಷೆಡ್ಡು ಹಾಕಿದರು. ಬೆಳಿಗ್ಗೆ ಐದಕ್ಕೆ ಎದ್ದು ಆರಕ್ಕೆ ಮೊದಲ ಜೀಪಿನ ಅಡಿಗೆ ಹೋಗುತ್ತಾರೆ, ಏಕೆಂದರೆ ಎಂಟು ಗಂಟೆಗೆ ಅದು ಆಳುಗಳನ್ನು ತುಂಬಿಕೊಂಡು ತೋಟಕ್ಕೆ ಹತ್ತಬೇಕು. ದಿನಕ್ಕೆ ಮೂರು ಜೀಪು, ಒಂದೋ ಎರಡೋ ಟಿಲ್ಲರು, ಕಾಫಿ ಹಂಗಾಮಿನಲ್ಲಿ ಒಂದಾದರೂ ಪಲ್ಪರ್. ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಕೆಟ್ಟರೆ ಎಸ್ಟೇಟಿನಲ್ಲಿ ಊಟ ಸೇರುವುದಿಲ್ಲ, ಆಗ ಲೆಕ್ಕ ಬರೆಯುವ ರೈಟರೇ ಖುದ್ದಾಗಿ ಬಂದು ಷೆಡ್ಡಿನ ಬಾಗಿಲಲ್ಲಿ ಕುಳಿತಿರುತ್ತಾರೆ.

ಇವೆಲ್ಲ ಹೊಟ್ಟೆಪಾಡು. ಜವರಯ್ಯನವರ ಕಣ್ಣು ಹೊಳೆಯುವುದು ಜಪಾನಿನ ಸುಬಾರು ಕಾರು ಎಂದಾಗ. ಊರಿನವರ ಬಾಯಲ್ಲಿ ಅದು ಎಂದೋ ಸುಬ್ಬಣ್ಣ ಆಗಿದೆ. ‘ಸುಬ್ಬಣ್ಣಂಗೆ ಏನಾಯ್ತು?’ ಎಂದು ದಾರಿಹೋಕರು ಕೇಳುತ್ತಾರೆ, ನೆಂಟರ ಆರೋಗ್ಯ ವಿಚಾರಿಸಿದಂತೆ. ಈ ಬೆಟ್ಟಸಾಲಿನಲ್ಲಿ ಇರುವುದು ಎರಡೇ, ಒಂದು ಬಿಳಿ, ಒಂದು ನೀಲಿ. ತಾಯಮ್ಮನವರ ಯಜಮಾನರು ಚಲುವಯ್ಯ ಮತ್ತು ಚೈತ್ರಶ್ರೀಯ ಅಜ್ಜ, ಇಬ್ಬರೂ ಕೀನ್ಯಾದ ಚಹಾ ಫ್ಯಾಕ್ಟರಿಯೊಂದರಲ್ಲಿ ಒಟ್ಟಿಗೆ ಕೆಲಸ ಮಾಡಿದವರು. ನಲವತ್ತು ವರ್ಷದ ಹಿಂದೆ ಊರಿಗೆ ಮರಳುವಾಗ ಬೇರೆಯವರು ಟಿ.ವಿ., ಟೇಪ್‌ರೆಕಾರ್ಡರ್ ತಂದರೆ ಇವರು ಅಲ್ಲಿ ಓಡಿಸುತ್ತಿದ್ದ ಕಾರುಗಳನ್ನೇ ಹಡಗಿಗೆ ಹತ್ತಿಸಿದರು. ಅಲ್ಲಿನ ಕೆಂಪು ಮಣ್ಣಿನ ಏರು ಹತ್ತಿದ್ದು ವನಗೂರಿನ ಏರು ಹತ್ತದೆ ಇರುತ್ತದೆಯೇ ಎಂಬ ಧೈರ್ಯ. ಸೀಟಿನ ಪಕ್ಕದ ಲಿವರ್ ಎಳೆದರೆ ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವ ಕಾರನ್ನು ಆಗ ಇಲ್ಲಿ ಯಾರೂ ಕಂಡಿರಲಿಲ್ಲ.

ಕಾರು ಬಂತು, ಆದರೆ ಅದರ ಹಿಂದೆ ಬಿಡಿಭಾಗ ಬರಲಿಲ್ಲ. ಸಕಲೇಶಪುರದಲ್ಲೂ ಇಲ್ಲ, ಹಾಸನದಲ್ಲೂ ಇಲ್ಲ, ಬೆಂಗಳೂರಿನಲ್ಲಿ ಕೇಳಿದರೆ ನಗುತ್ತಿದ್ದರು. ‘ನಗೋದಾದ್ರೆ ನಗ್ಲಿ. ನಟ್ಟು ಬೋಲ್ಟಿಗೆ ಜಾತಿ ಇಲ್ಲ ಕಣ್ರೀ, ಅಳತೆ ಐತೆ ಅಷ್ಟೇ’ ಎನ್ನುತ್ತಾರೆ ಜವರಯ್ಯ. ಅವರ ಇಡೀ ವಿದ್ಯೆ ಈ ಒಂದು ಮಾತಿನಲ್ಲಿದೆ. ಬಿಳಿ ಸುಬಾರುವಿನ ಮುಂದಿನ ಚಕ್ರದ ಬೇರಿಂಗ್ ಹೋದಾಗ ಅದನ್ನು ಒರೆಸಿ ನಂಬರ್ ಓದಿದರು. 6207. ಎಲ್ಲೋ ನೋಡಿದ ನಂಬರ್ ಎಂದು ಯೋಚಿಸುತ್ತ ಇಡೀ ಮಧ್ಯಾಹ್ನ ಕಳೆದು, ಕೊನೆಗೆ ಎದ್ದು ಹೋಗಿ ರಿಪೇರಿಗೆ ಬಂದಿದ್ದ ಪಲ್ಪರ್ ಯಂತ್ರದ ಮುಚ್ಚಳ ತೆಗೆದರು. ಅದೇ ನಂಬರ್. ಅಂದಿನಿಂದ ಬಿಳಿ ಸುಬಾರು ಪಲ್ಪರಿನ ಬೇರಿಂಗ್ ಮೇಲೆ ಓಡುತ್ತಿದೆ. ಅದರ ಕಾರ್ಬುರೇಟರ್ ಹಳೆಯ ಕಾಂಟೆಸ್ಸಾ ಕಾರಿನದು, ನಡುವೆ ಜವರಯ್ಯನವರೇ ಅರದಿಂದ ಉಜ್ಜಿ ಮಾಡಿದ ಅಲ್ಯೂಮಿನಿಯಂ ತಟ್ಟೆ. ರೇಡಿಯೇಟರ್ ಪೈಪು ಜೀಪಿನದು. ಹಿಂದಿನ ಷಾಕ್ ಅಬ್ಸಾರ್ಬರ್ ಓಮ್ನಿಯದು, ತುದಿಯ ತೂತಿಗೆ ಹೊಸ ಬುಷ್ ಹಾಕಿ ಕೂರಿಸಿದ್ದು. ಹೀಗೆ ಹೇಳುತ್ತ ಹೋದಾಗ ಅವರ ಮುಖದಲ್ಲಿ ಬರುವ ಉತ್ಸಾಹ ನೋಡಿದರೆ, ನಾನೇ ಮನೆಗೆ ಹೋಗಿ ಏನಾದರೂ ಬಿಚ್ಚಿಬಿಡೋಣ ಅನ್ನಿಸುತ್ತದೆ.

ಈ ಕಾರಿನ ಎಂಜಿನ್ ವಿಚಿತ್ರ. ಬೇರೆ ಗಾಡಿಗಳಲ್ಲಿ ಪಿಸ್ಟನ್ನುಗಳು ನಿಂತು ಮೇಲೆ ಕೆಳಗೆ ಆಡಿದರೆ, ಇದರಲ್ಲಿ ಎರಡು ಆ ಕಡೆಗೆ, ಎರಡು ಈ ಕಡೆಗೆ ಮಲಗಿಕೊಂಡು ಆಡುತ್ತವೆ. ‘ಜೀಪಿನ ಎಂಜಿನ್ ನಿಂತ್ಕಂಡು ಕೆಲ್ಸ ಮಾಡ್ತೈತೆ, ಇದು ಮಲಗ್ಬುಟ್ಟು ಮಾಡ್ತೈತೆ. ಅದೃಷ್ಟವಂತ.’ ಮೊದಲ ಸಲ ಬಿಚ್ಚಿದಾಗ ಯಾವ ಭಾಗ ಯಾವ ಬದಿಯದು ಎಂದು ತಲೆ ಕೆಟ್ಟು ಹೋಯಿತಂತೆ. ಬಾನೆಟ್ ಮುಂದೆ ನಿಂತರೆ ಎಡ ಒಂದು, ಸೀಟಿನಲ್ಲಿ ಕುಳಿತರೆ ಎಡ ಇನ್ನೊಂದು. ಅದಕ್ಕೆ ಜವರಯ್ಯ ಒಂದು ದಾರಿ ಕಂಡುಕೊಂಡರು. ಅವರ ಷೆಡ್ಡಿಗೆ ಕಾರು ಯಾವಾಗಲೂ ಬಡಗಣಕ್ಕೆ ಮೂತಿ ಮಾಡಿಯೇ ಬರಬೇಕು. ಆಗ ಎಂಜಿನ್ನಿನ ಒಂದು ಬದಿ ಮೂಡಲು, ಇನ್ನೊಂದು ಪಡುವಲು. ಅಂದಿನಿಂದ ಮೂಡ್ಲು ಒಂದು, ಮೂಡ್ಲು ಎರಡು, ಪಡುವ್ಲು ಒಂದು, ಪಡುವ್ಲು ಎರಡು ಎಂದೇ ಪಿಸ್ಟನ್ನುಗಳ ಹೆಸರು. ಕಾರು ಆಮೇಲೆ ಯಾವ ದಿಕ್ಕಿಗೆ ತಿರುಗಿ ಹೋದರೂ ಹೆಸರು ಬದಲಾಗುವುದಿಲ್ಲ.

ಬಿಚ್ಚಿದ್ದನ್ನು ಕಾಯುವ ಕೆಲಸ ಅವರ ಹೆಂಡತಿ ಗಂಗಾಮಣಿಯವರದು. ಷೆಡ್ಡಿನ ಹಿಂದಿನ ಗೋಡೆಯ ಉದ್ದಕ್ಕೂ ಬಿಸ್ಕತ್ ಡಬ್ಬಗಳು, ಲೆಕ್ಕ ಹಾಕಿದೆ, ನೂರಾ ಹದಿನೇಳು. ಡಬ್ಬದ ಮೇಲೆ ಸೀಮೆಸುಣ್ಣದಲ್ಲಿ ‘ಮೂ’ ಅಥವಾ ‘ಪ’. ನೀಲಿ ಕಾರಿನವಾದರೆ ಪಕ್ಕದಲ್ಲಿ ಒಂದು ನೀಲಿ ದಾರದ ಗಂಟು. ‘ಇವ್ರು ಬಿಚ್ಚೋದ್ರಲ್ಲಿ ಜಾಣ್ರು, ಇಟ್ಟಿದ್ದೆಲ್ಲಿ ಅಂತ ಕೇಳುದ್ರೆ ನನ್ನ ಮುಖ ನೋಡ್ತಾರೆ’ ಎಂದು ಗಂಗಾಮಣಿ ನಗುತ್ತಾರೆ. ಜವರಯ್ಯ ಎದುರು ಮಾತಾಡುವುದಿಲ್ಲ. ಆಡುವ ಸ್ಥಿತಿಯಲ್ಲೂ ಇಲ್ಲ, ಅವರಿಗೆ ಆಗ ಒಂದು ವಾಷರ್ ಬೇಕಾಗಿರುತ್ತದೆ.

ಇನ್ನು ಆ ಹಳೆಯ ತಪ್ಪಿನ ವಿಷಯಕ್ಕೆ ಬರೋಣ.

ಹದಿನಾಲ್ಕು ವರ್ಷದ ಹಿಂದೆ ಚಲುವಯ್ಯನವರ ನೀಲಿ ಕಾರು ದಿನಾ ಬೆಳಿಗ್ಗೆ ಶುರು ಮಾಡಿದಾಗ ನೀಲಿ ಹೊಗೆ ಉಗುಳತೊಡಗಿತ್ತು. ಅಂಗಳವೆಲ್ಲ ಹೊಗೆ, ಕೊಟ್ಟಿಗೆಯ ದನ ಕೂಡ ಕೆಮ್ಮುವಷ್ಟು. ಐದು ನಿಮಿಷ ಓಡಿದ ಮೇಲೆ ತಾನೇ ನಿಲ್ಲುತ್ತಿತ್ತು. ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡಿದರೆ ಯಾವಾಗಲೂ ಕಡಿಮೆ. ಚಲುವಯ್ಯ ಸುರಿಯುತ್ತ ಹೋದರು, ಹೊಗೆ ಹೆಚ್ಚುತ್ತ ಹೋಯಿತು. ಕೊನೆಗೆ ಜವರಯ್ಯನವರನ್ನು ಕುಂದೂರಿಗೇ ಕರೆಸಿದರು. ಜವರಯ್ಯ ಬಂದರು, ಒಂದು ಬೆಳಿಗ್ಗೆ ಶುರು ಮಾಡಿಸಿ ನೋಡಿದರು. ಬಿಳಿ ಹೊಗೆ ಬಂದರೆ ನೀರು, ಕರಿ ಹೊಗೆಯಾದರೆ ಇಂಧನ ಜಾಸ್ತಿ, ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗು ಸವೆದಿದೆ. ಎಸ್ಟೇಟ್ ವರ್ಕ್‌ಶಾಪಿನಲ್ಲಿ ಕಲಿತ ಪಾಠ ಅದು, ಜೀಪಿನ ವಿಷಯದಲ್ಲಿ ಒಂದು ದಿನವೂ ಸುಳ್ಳಾಗಿರಲಿಲ್ಲ. ಬೆಂಕಿಯಿಲ್ಲದೆ ಹೊಗೆಯಿಲ್ಲ ಎನ್ನುತ್ತಾರಲ್ಲ. ಎಂಜಿನ್ ಬಿಚ್ಚುವ ಗೋಜಿಗೂ ಹೋಗದೆ, ಪಡುವಲ ಬದಿಯ ಎರಡೂ ಪಿಸ್ಟನ್ ಮುಗಿದಿವೆ, ಇದಕ್ಕೆ ಸಾಮಾನು ಸಿಗುವುದಿಲ್ಲ, ಬಿಟ್ಟುಬಿಡಿ ಎಂದರು.

‘ಯಜಮಾನ್ರು ಒಪ್ಲಿಲ್ಲ’ ಎಂದು ಜವರಯ್ಯ ನೆನೆಯುತ್ತಾರೆ. ‘ಏರು ಹತ್ತುವಾಗ ಹಳೇ ಜೋರೇ ಐತೆ ಕಣೋ ಜವ್ರಯ್ಯ, ಎಂಜಿನ್ ಚೆನ್ನಾಗೈತೆ, ಇನ್ನೊಂದ್ಸಲ ನೋಡು ಅಂದ್ರು. ನಾನು ನಕ್ಕುಬುಟ್ಟೆ. ನಿಮಗೆ ಗಾಡಿ ಮೇಲಿನ ಆಸೆ ಹಂಗೆ ಅನ್ನುಸ್ತೈತೆ ಯಜಮಾನ್ರೆ ಅಂದೆ. ನಕ್ಕಿದ್ದೇ ಈಗ ಮನ್ಸಿಗೆ ಚುಚ್ಚೋದು, ತಪ್ಪು ಹೇಳಿದ್ದಲ್ಲ.’

ನೀಲಿ ಕಾರು ಕುಂದೂರಿನ ಮನೆಯ ಷೆಡ್ಡಿನಲ್ಲೇ ಉಳಿಯಿತು. ಕೋಳಿಗಳು ಅದರ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡತೊಡಗಿದವು. ಚಲುವಯ್ಯ ಆರು ವರ್ಷದ ಹಿಂದೆ ತೀರಿಕೊಂಡರು. ಈ ನಡುವೆ ಬಿಳಿ ಕಾರಿಗೆ ಏನಾದರೂ ಬೇಕಾದಾಗ ಜವರಯ್ಯ ಎರಡು ಬಸ್ಸು ಬದಲಿಸಿ ಕುಂದೂರಿಗೆ ಬರುವುದು, ತಾಯಮ್ಮನವರನ್ನು ಕೇಳುವುದು, ನೀಲಿಯಿಂದ ಬಿಚ್ಚಿಕೊಂಡು ಹೋಗುವುದು ರೂಢಿಯಾಯಿತು. ಸ್ಟಾರ್ಟರ್ ಹೋಯಿತು, ಡೈನಮೋ ಹೋಯಿತು, ಆಕ್ಸಲ್ ಹೋಯಿತು, ರೇಡಿಯೇಟರ್ ಹೋಯಿತು. ಗಂಗಾಮಣಿಯವರ ಪ್ರಕಾರ ಒಟ್ಟು ಇಪ್ಪತ್ತಮೂರು ಸಾಮಾನು. ‘ಸತ್ತ ಗಾಡಿ, ಬೇಕಾದ್ದು ತಗೊಂಡ್ಹೋಗು’ ಎನ್ನುತ್ತಿದ್ದರು ತಾಯಮ್ಮ.

ಹಾಗೆ ನೀಲಿಯನ್ನು ತಿಂದು ಬದುಕಿದ ಬಿಳಿ ಕಾರನ್ನು ಈಗ ಓಡಿಸುತ್ತಿದ್ದವರು ಚೈತ್ರಶ್ರೀ. ಅಜ್ಜನ ಕಾಲದ ಕಾರು ಬೇಡ, ಹೊಸದು ತೆಗೆದುಕೋ ಎಂದವರಿಗೆ ಅವರ ಉತ್ತರ ಸಿದ್ಧವಾಗಿದೆ. ‘ಹೊಸ ಕಾರಲ್ಲಿ ಕರು ಹಾಕ್ಕೊಂಡು ಬರೋಕೆ ಮನಸ್ಸು ಬರುತ್ತಾ? ಇದ್ರಲ್ಲಿ ಹಿಂದಿನ ಸೀಟ್ ಮಡಚಿದ್ರೆ ಎರಡು ಕರು ಮಲಗುತ್ತೆ.’ ದಿನಕ್ಕೆ ನಲವತ್ತು ಕಿಲೋಮೀಟರ್, ಅದರಲ್ಲಿ ಅರ್ಧ ಟಾರು ಕಾಣದ ಏಲಕ್ಕಿ ತೋಟದ ದಾರಿ. ಕಳೆದ ಅಕ್ಟೋಬರಿನ ಕೊನೆಯ ಮಳೆಯಲ್ಲಿ ವನಗೂರಿನ ಏರಿನ ನಡುವೆ ಕಲ್ಲು ಸಿಡಿದು ರೇಡಿಯೇಟರ್ ಒಡೆಯಿತು. ಮೇಲೆ ತೋಟದ ಆಳುಗಳ ಲೈನುಮನೆಗಳಲ್ಲಿ ಹಸುವೊಂದು ಕರು ಹಾಕಲಾರದೆ ಒದ್ದಾಡುತ್ತಿತ್ತು. ಚೈತ್ರಶ್ರೀ ಗಾಡಿ ನಿಲ್ಲಿಸಲಿಲ್ಲ. ಹಸು ಉಳಿಯಿತು, ಕರು ಉಳಿಯಿತು, ಎಂಜಿನ್ ಕುದಿದು ಎರಡೂ ಹೆಡ್ ಸೊಟ್ಟಗಾದವು. ಬೈಯಬೇಕೆಂದು ಬಾಯಿ ತೆರೆದ ಜವರಯ್ಯ ಹಸುವಿನ ಸಂಗತಿ ಕೇಳಿ ಬಾನೆಟ್ ಎತ್ತಿದರಂತೆ.

ಹೆಡ್ ಎಂದರೆ ಸಿಲಿಂಡರಿನ ಮುಚ್ಚಳ. ಬಿಳಿ ಕಾರಿನ ಹೆಡ್ಡುಗಳನ್ನು ಈ ಮೊದಲೇ ಎರಡು ಸಲ ಉಜ್ಜಿಸಿ ಮಟ್ಟ ಮಾಡಿಸಿಯಾಗಿತ್ತು, ಇನ್ನು ಉಜ್ಜಲು ಲೋಹ ಉಳಿದಿರಲಿಲ್ಲ. ಉಳಿದ ದಾರಿ ಒಂದೇ. ನವೆಂಬರಿನಲ್ಲಿ ಜವರಯ್ಯ ಚೀಲ ಹೆಗಲಿಗೇರಿಸಿ ಕುಂದೂರಿಗೆ ಬಂದರು, ಕೋಳಿಗಳನ್ನು ಓಡಿಸಿದರು, ನೀಲಿ ಕಾರಿನ ಕೊನೆಯ ಅಂಗವನ್ನೂ ಬಿಚ್ಚಲು ಕುಳಿತರು.

ಮುಂದಿನದನ್ನು ಅವರ ಬಾಯಲ್ಲೇ ಕೇಳಬೇಕು. ‘ಪಡುವ್ಲು ಹೆಡ್ ತಗುದೆ. ಒಳಗೆ ಬ್ಯಾಟ್ರಿ ಬೆಳಕು ಬಿಟ್ಟು ನೋಡ್ತೀನಿ, ಸಿಲಿಂಡರ್ ಗೋಡೆ ಫಳಫಳ ಅಂತೈತೆ. ಕಾರ್ಖಾನೇಲಿ ಎಳೆದಿರೋ ಸಣ್ಣ ಗೀರು ಇರ್ತೈತಲ್ಲ, ಅದೂ ಹಂಗೇ ಐತೆ. ಸವೆದಿದ್ರೆ ಆ ಗೀರು ಅಳಿಸ್ಬೇಕು. ನನ್ನ ಕಣ್ಣೇ ಸರಿಯಿಲ್ವೇನೋ ಅಂದ್ಕಂಡೆ. ಮೂಡ್ಲೂ ಬಿಚ್ದೆ, ಅದೂ ಹಂಗೇ. ಎಂಜಿನ್ಗೆ ಏನೂ ಆಗಿಲ್ಲ. ಹಂಗಾದ್ರೆ ಅಷ್ಟು ಹೊಗೆ ಎಲ್ಲಿಂದ ಬಂತು ಮಾರಾಯ ಅಂತ ಅಲ್ಲೇ ಕೂತೆ.’

ಬಿಚ್ಚಿದ ನಟ್ಟೊಂದನ್ನು ನೆಲದ ಮೇಲಿಟ್ಟರು. ಅದು ಉರುಳಿಕೊಂಡು ಹೋಗಿ ಪಡುವಲ ಬದಿಯ ಗೋಡೆಗೆ ಬಡಿಯಿತು. ಎತ್ತಿ ತಂದಿಟ್ಟರು, ಮತ್ತೆ ಉರುಳಿತು. ಮೂರನೆಯ ಸಲ ಬೈದುಕೊಂಡು ಎತ್ತಲು ಹೋದವರು ಅರ್ಧಕ್ಕೇ ನಿಂತರು. ಷೆಡ್ಡಿನ ನೆಲ ಮಳೆಗೆ ವರ್ಷದಿಂದ ವರ್ಷಕ್ಕೆ ಕುಸಿದು ಒಂದು ಬದಿಗೆ ವಾಲಿದೆ. ಕಾರು ಇಷ್ಟು ಕಾಲವೂ ಪಡುವಲ ಬದಿ ತಗ್ಗಾಗಿ ನಿಂತಿದೆ. ನಿಂತ ಎಂಜಿನ್ನಿಗೆ ಅದರಿಂದ ಏನೂ ಆಗುವುದಿಲ್ಲ. ಮಲಗಿದ ಎಂಜಿನ್ನಿಗೆ ಆಗುತ್ತದೆ. ರಾತ್ರಿಯೆಲ್ಲ ಆಯಿಲ್ ತಗ್ಗಿನ ಬದಿಗೆ ಸರಿದು, ಮೆಲ್ಲಗೆ ಪಿಸ್ಟನ್ ದಾಟಿ ಒಳಗೆ ಇಳಿಯುತ್ತದೆ, ಬೆಳಿಗ್ಗೆ ಅದೆಲ್ಲ ಹೊಗೆಯಾಗಿ ಉರಿದು ಹೋಗುತ್ತದೆ. ಕಡ್ಡಿ ಎತ್ತಿದರೆ ಆಯಿಲ್ ಕಡಿಮೆ ಕಾಣುವುದೂ ಅದೇ ಓರೆಯಿಂದ. ಕಡಿಮೆ ಎಂದು ಚಲುವಯ್ಯ ಸುರಿದರು, ಸುರಿದದ್ದಕ್ಕೆ ಹೊಗೆ ಇನ್ನೂ ಹೆಚ್ಚಾಯಿತು. ಬಯಲುಸೀಮೆಯ ಮೆಕ್ಯಾನಿಕ್ಕಿಗೆ ಇಂಥ ತಪ್ಪು ಮಾಡುವ ಅವಕಾಶವೇ ಸಿಗುವುದಿಲ್ಲ.

ಹೆಡ್ಡುಗಳು ಕೈಯಲ್ಲಿದ್ದವು. ಚೀಲಕ್ಕೆ ಹಾಕಿಕೊಂಡು ಹೋಗಿಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಬಿಳಿ ಕಾರು ಓಡುತ್ತಿತ್ತು, ಚೈತ್ರಶ್ರೀ ಸಂತೋಷಪಡುತ್ತಿದ್ದರು, ಜವರಯ್ಯನವರ ಹೆಸರೂ ಉಳಿಯುತ್ತಿತ್ತು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಮಂದಿಯೇ ತುಂಬಿರುವ ಕಾಲದಲ್ಲಿ ಈ ಮನುಷ್ಯ ಹೆಡ್ಡುಗಳನ್ನು ಗೋಣಿತಾಟಿನ ಮೇಲಿಟ್ಟು, ಕೈ ಒರೆಸಿಕೊಂಡು, ನೇರವಾಗಿ ಮನೆಯ ಜಗಲಿಗೆ ಹೋದರು. ‘ಅಮ್ಮೋರೆ, ನಿಮ್ ಗಾಡಿ ಸತ್ತಿಲ್ಲ. ನಾನೇ ಹೊಗೆ ನೋಡಿ ಹೇಳ್ಬುಟ್ಟಿದ್ದೆ. ಯಜಮಾನ್ರು ಹೇಳಿದ್ದೇ ಸರಿ.’

ತಾಯಮ್ಮ ಬೈಯುತ್ತಾರೆಂದು ಕಾದು ನಿಂತರಂತೆ. ಅವರು ಬೈಯಲಿಲ್ಲ. ಕಣದ ಕಡೆ ನೋಡಿದರು. ಆಮೇಲೆ ಹೇಳಿದ್ದನ್ನು ನನ್ನೆದುರೂ ಹೇಳಿದ್ದಾರೆ. ‘ಅವ್ರು ಆಫ್ರಿಕಾದಿಂದ ಬಂದ ಹೊಸದ್ರಲ್ಲಿ ಗಾಡಿ ಕಣದ ಮೇಲೆ ನಿಲ್ಸಿದ್ರು. ಇಡೀ ಜಾಗದಲ್ಲಿ ಸಮ ಇರೋದು ಅದೊಂದೇ. ನಾನು ಬುಡ್ಲಿಲ್ಲ. ಕಾಫಿ ಒಣಗೋ ಜಾಗ, ರಾಗಿ ತುಳಿಸೋ ಜಾಗ, ಅಲ್ಲಿಗೆ ಎಣ್ಣೆ ಸುರಿಸ್ಕಂಡು ಬತ್ತೀರಾ ಅಂತ ಜಗಳ ಮಾಡಿ ಇಳಿಜಾರಿಗೆ ಕಳಿಸ್ದೆ. ಅವ್ರು ಅಲ್ಲೇ ಷೆಡ್ ಹಾಕ್ಸಿದ್ರು. ಇವ್ನೊಬ್ನದೇ ತಪ್ಪು ಅಂತ ನಾನೆಂಗೆ ಹೇಳ್ಲಿ?’

ತಪ್ಪು ಹಂಚಿಕೊಂಡರೂ ತಾಯಮ್ಮ ಬರಿಮಾತಿಗೆ ಕರಗುವವರಲ್ಲ. ಒಂದು ಷರತ್ತು ಹಾಕಿದರು. ಕಾರನ್ನು ಜೋಡಿಸಬೇಕು. ಮೊದಲು ಅದೇ ಹಳೆಯ ಓರೆ ನೆಲದಲ್ಲಿ ನಿಲ್ಲಿಸಿ ಬೆಳಿಗ್ಗೆ ಶುರು ಮಾಡಬೇಕು, ಹೊಗೆ ಬರಬೇಕು. ಆಮೇಲೆ ಒಂದು ರಾತ್ರಿ ಕಣದ ಮೇಲೆ ನಿಲ್ಲಿಸಿ ಶುರು ಮಾಡಬೇಕು, ಹೊಗೆ ಬರಬಾರದು. ಎರಡೂ ಆದರೆ ಗಾಡಿ ಡಾಕ್ಟರಮ್ಮ ಓಡಿಸಲಿ. ಆಗದಿದ್ದರೆ ಎಲ್ಲ ಬಿಚ್ಚಿಕೊಂಡು ಹೋಗಿ, ನನ್ನ ಕೋಳಿಗೆ ಬೇರೆ ಗೂಡು ಮಾಡಿಸುತ್ತೇನೆ. ಯಾವ ವಿಜ್ಞಾನಿಯೂ ಇದಕ್ಕಿಂತ ಚೆನ್ನಾಗಿ ಪರೀಕ್ಷೆ ಇಡಲಾರ ಎಂದು ನನ್ನ ಅನಿಸಿಕೆ.

ಅಲ್ಲಿಂದ ಶುರುವಾಯಿತು ವಾಪಸಾತಿ. ಹದಿನಾಲ್ಕು ವರ್ಷ ನೀಲಿಯಿಂದ ಬಿಳಿಗೆ ಹೋದ ಸಾಮಾನೆಲ್ಲ ಈಗ ಬಿಳಿಯಿಂದ ನೀಲಿಗೆ. ಬಿಳಿಗೆ ಹೋಗಿ ಒಡೆದ ರೇಡಿಯೇಟರಿಗೆ ಬೆಸುಗೆ ಹಾಕಿಸಿ ಅದನ್ನೂ ತಂದರು. ಗಂಗಾಮಣಿ ಗೋಡೆಯ ಬದಿಯಿಂದ ನೀಲಿ ದಾರದ ಡಬ್ಬಗಳನ್ನು ಒಂದೊಂದಾಗಿ ಇಳಿಸಿದರು. ‘ಸತ್ತೋಯ್ತು ಸತ್ತೋಯ್ತು ಅಂತ ಇವ್ರು ಹೇಳ್ತಾನೇ ಇದ್ರು. ಆದ್ರೂ ಅದ್ರ ನಟ್ಟು ಬೇರೇನೇ ಇಟ್ಟಿದ್ದೆ. ಯಾಕೆ ಅಂದ್ರೆ ನಂಗೂ ಗೊತ್ತಿಲ್ಲ’ ಎನ್ನುತ್ತಾರೆ. ಹೆಡ್ಡಿನ ಕೆಳಗೆ ಕೂರುವ ಗ್ಯಾಸ್ಕೆಟ್ ಮಾತ್ರ ಹೊಸದೇ ಬೇಕಿತ್ತು. ಚೈತ್ರಶ್ರೀ ಮೊಬೈಲಿನಲ್ಲಿ ಹುಡುಕಿ ಹುಡುಕಿ ಆಸ್ಟ್ರೇಲಿಯಾದ ಒಂದು ಅಂಗಡಿಯಿಂದ ತರಿಸಿದರು. ಬರಲು ಮೂವತ್ತೆಂಟು ದಿನ. ಆ ಮೂವತ್ತೆಂಟು ದಿನವೂ ಜವರಯ್ಯ ಹಾನುಬಾಳಿನ ಅಂಚೆಯಣ್ಣನನ್ನು ಬಸ್ ಸ್ಟ್ಯಾಂಡಿನಲ್ಲೇ ತಡೆದು ಕೇಳುತ್ತಿದ್ದರಂತೆ. ಕೊನೆಕೊನೆಗೆ ಅಂಚೆಯಣ್ಣ ದಾರಿ ಬದಲಿಸಿದ್ದ.

ನಿನ್ನೆ ಬೆಳಿಗ್ಗೆ ಮೊದಲ ಪರೀಕ್ಷೆ. ನಾಲ್ಕು ದಿನ ಓರೆ ಷೆಡ್ಡಿನಲ್ಲಿ ನಿಂತಿದ್ದ ಕಾರನ್ನು ಶುರು ಮಾಡಿದಾಗ ಬಂದ ಹೊಗೆಯನ್ನು ನಾನೇ ಕಂಡಿದ್ದೇನೆ. ಪಕ್ಕದಲ್ಲಿ ನಿಂತಿದ್ದ ಚೈತ್ರಶ್ರೀ ಅರ್ಧ ನಿಮಿಷ ಕಾಣಲಿಲ್ಲ. ‘ಇದೇ, ಇದೇ ಹೊಗೆ’ ಎಂದು ತಾಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ತಲೆಯಾಡಿಸಿದರು. ಹೊಗೆ ಬಂದದ್ದಕ್ಕೆ ಕುಣಿದಾಡುವ ಮೆಕ್ಯಾನಿಕ್ಕನ್ನು ನಾನು ಇದೇ ಮೊದಲ ಸಲ ನೋಡಿದ್ದು. ಆಮೇಲೆ ಆಯಿಲ್ ಇಳಿಸಿ, ಟೈರು ತೊಳೆದು, ಗಾಡಿಯನ್ನು ಕಣಕ್ಕೆ ತಂದು ನಿಲ್ಲಿಸಿ, ಸಮ ನೆಲದಲ್ಲಿ ಹೊಸ ಆಯಿಲ್ ಅಳೆದು ತುಂಬಿದರು. ತೊಟ್ಟಿಕ್ಕಿದರೆ ಎಂದು ಅಡಿಯಲ್ಲಿ ಗೋಣಿಚೀಲ ಹಾಸಿದರು. ಅರ್ಧ ಪರೀಕ್ಷೆ ಗೆದ್ದಾಗಿದೆ. ಕಷ್ಟದ ಅರ್ಧ ಇವತ್ತಿನದು.

ಈಗ ಆರೂವರೆ. ತಾಯಮ್ಮ ಒಳಗೆ ಹೋಗಿ ಒಗೆದು ಮಡಿಸಿದ ಬಿಳಿ ಪಂಚೆಯೊಂದನ್ನು ತಂದು ಸೈಲೆನ್ಸರಿನ ಹಿಂದೆ ಹಿಡಿದು ನಿಲ್ಲುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ. ಜವರಯ್ಯ ರಸಮಟ್ಟ ಚೀಲಕ್ಕೆ ಹಾಕಿ, ಕಾಲಿನ ಧೂಳು ಝಾಡಿಸಿ, ಸೀಟಿನಲ್ಲಿ ಕುಳಿತುಕೊಳ್ಳುತ್ತಾರೆ. ಕೀಲಿ ತಿರುಗಿಸುತ್ತಾರೆ. ಸ್ಟಾರ್ಟರ್ ಕೊರಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಎರಡನೆಯ ಸಲ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಚೈತ್ರಶ್ರೀ ತುಟಿ ಕಚ್ಚಿಕೊಂಡಿದ್ದಾರೆ. ಮೂರನೆಯ ಸಲಕ್ಕೆ ಗುಡು ಗುಡು ಗುಡು ಎಂದು, ಬೇರೆ ಯಾವ ಕಾರಿನಲ್ಲೂ ಕೇಳದ ಒಂದು ಕುಂಟು ತಾಳದಲ್ಲಿ ನೀಲಿ ಸುಬಾರು ಎದ್ದು ಕೂರುತ್ತದೆ.

ಹಿಂದಿನಿಂದ ಹೊಗೆ ಬರುತ್ತದೆ.

 ದಟ್ಟವಾಗಿ, ಸುರುಳಿ ಸುರುಳಿಯಾಗಿ ಏಳುತ್ತಿದೆ. ‘ಬಂತಲ್ಲ ಜವ್ರಯ್ಯ’ ಎಂದು ತಾಯಮ್ಮ ಕೂಗುತ್ತಾರೆ, ಆ ದನಿಯಲ್ಲಿ ಕೋಪವಿಲ್ಲ, ಬೇಸರವಿದೆ. ಜವರಯ್ಯ ಎಂಜಿನ್ ನಿಲ್ಲಿಸುವುದಿಲ್ಲ. ಬರಿಗಾಲಲ್ಲಿ ಹಿಂದಕ್ಕೆ ಓಡಿಬಂದು ಹೊಗೆಯೊಳಗೆ ಕೈ ಹಿಡಿಯುತ್ತಾರೆ, ಮೂಸುತ್ತಾರೆ. ಅವರ ಮುಖ ಬೆಳಗುತ್ತದೆ. ‘ಹೊಗೆ ಅಲ್ಲ ಅಮ್ಮೋರೆ, ಹಬೆ. ಚಳಿಗೆ ನಿಮ್ ಬಾಯಲ್ಲಿ ಬತ್ತಿಲ್ವಾ, ಹಂಗೆ. ಬಣ್ಣ ನೋಡಿ. ನನ್ ಮಾತು ನಂಬ್ಬೇಡಿ, ಪಂಚೆ ನೋಡಿ.’

ತಾಯಮ್ಮ ಪಂಚೆ ಬಿಡಿಸುತ್ತಾರೆ. ನಡುವೆ ಅಂಗೈಯಗಲ ಒದ್ದೆ. ಎಣ್ಣೆಯ ಒಂದು ಚುಕ್ಕೆಯೂ ಇಲ್ಲ. ಮೂಗಿನ ಹತ್ತಿರ ತಂದು ಮೂಸುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮತ್ತೆ ಮೂಸುತ್ತಾರೆ. ಎಂಜಿನ್ ಬಿಸಿಯಾಗುತ್ತಿದ್ದಂತೆ ಹಬೆ ತೆಳ್ಳಗಾಗಿ ನಿಂತೇ ಹೋಗುತ್ತದೆ. ಸೈಲೆನ್ಸರಿನ ಹಿಂದೆ ಈಗ ಕಾಣುವುದು ಕಾಫಿ ರಾಶಿ, ಅದರಾಚೆಗಿನ ಗದ್ದೆ. ಚೈತ್ರಶ್ರೀ ಜೋರಾಗಿ ನಗುತ್ತಿದ್ದಾರೆ, ನಾನೂ ನಗುತ್ತಿದ್ದೇನೆ, ಯಾಕೆಂದು ಇಬ್ಬರಿಗೂ ಗೊತ್ತಿಲ್ಲ. ಸಂತೋಷವಾಗಿದೆ, ಅಷ್ಟೇ.

‘ಒದ್ದೆ ಆಗೈತೆ ಅಷ್ಟೇಯ’ ಎನ್ನುತ್ತಾರೆ ತಾಯಮ್ಮ. ಪಂಚೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು ಕಣವನ್ನೊಮ್ಮೆ ಉದ್ದಗಲ ಅಳೆಯುತ್ತಾರೆ. ‘ಆ ಮೂಲೇಲಿ ಒಂದು ಗಾಡಿ ನಿಲ್ಲುವಷ್ಟು ಜಾಗ ಬುಡ್ತೀನಿ. ಕಾಫಿ ಈ ಕಡೆ ಹರವಿದ್ರಾಯ್ತು. ಡಾಕ್ಟ್ರಮ್ಮ, ಈ ಕಡೆ ಬಂದಾಗೆಲ್ಲ ಅಲ್ಲೇ ನಿಲ್ಸು. ಚಕ್ರ ಮಾತ್ರ ತೊಳ್ಕಂಡು ಬಾ.’

ಮುಂದಿನ ವಾರ ಸಾರಿಗೆ ಕಚೇರಿಯಲ್ಲಿ ತಪಾಸಣೆ ಇದೆ, ಅದಾದ ಮೇಲೆಯೇ ನೀಲಿ ಕಾರು ವನಗೂರಿನ ದಾರಿ ಹಿಡಿಯುವುದು. ಅಲ್ಲಿಯವರೆಗೆ ತೋಟದೊಳಗೆ ಒಂದು ಸುತ್ತು ಎಂದು ಹೊರಡುತ್ತದೆ. ಮುಂದಿನ ಸೀಟಿಗೆ ತಾಯಮ್ಮ ಹತ್ತುತ್ತಾರೆ, ಸೆರಗು ಬಿಗಿದುಕೊಂಡು, ಕೋಳಿಪುಕ್ಕವೊಂದನ್ನು ಕಾಲಡಿಯಿಂದ ಎತ್ತಿ ಹೊರಗೆಸೆಯುತ್ತ. ಚೈತ್ರಶ್ರೀ ಲಿವರ್ ಎಳೆಯುತ್ತಾರೆ. ಮನೆಯ ಹಿಂದಿನ ಏರನ್ನು ಕಾರು ಒಂದೇ ಉಸಿರಿಗೆ ಹತ್ತಿ ಸಿಲ್ವರ್ ಓಕ್ ಮರಗಳ ನಡುವೆ ಮರೆಯಾಗುತ್ತದೆ. ಜವರಯ್ಯ ಹೋಗುವುದಿಲ್ಲ. ಎಂಜಿನ್ನಿನ ಸದ್ದು ಕೇಳುವಷ್ಟು ಹೊತ್ತೂ ತಲೆ ಒಂದು ಬದಿಗೆ ಓರೆ ಮಾಡಿ ಕೇಳುತ್ತ ನಿಲ್ಲುತ್ತಾರೆ. ಆಮೇಲೆ ಕಣದಲ್ಲಿ ಹಾಸಿದ್ದ ಗೋಣಿಚೀಲ ಎತ್ತಿ ತಿರುಗಿಸಿ ನೋಡುತ್ತಾರೆ. ಒಣಗಿಯೇ ಇದೆ.

ಹನ್ನೊಂದರ ಬಸ್ಸಿಗೆ ಅವರು ಹೊರಡಬೇಕು. ಹಾನುಬಾಳಿನಲ್ಲಿ ಎರಡು ಜೀಪು ಕಾಯುತ್ತಿವೆ, ಬಿಳಿ ಸುಬಾರುವಿಗೂ ಎಲ್ಲಿಂದಲಾದರೂ ಹೆಡ್ ಹೊಂದಿಸಬೇಕು. ಇನ್ನು ಮೇಲೆ ಯಾವ ಗಾಡಿ ಬಂದರೂ ಮೊದಲು ಅದು ನಿಲ್ಲುವ ಜಾಗ ನೋಡಿಕೊಂಡು ಬಂದೇ ಮಾತಾಡುವುದಂತೆ. ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಚಪ್ಪಲಿ ಮೆಟ್ಟುತ್ತಿದ್ದವರನ್ನು ಕೇಳುತ್ತೇನೆ. ಎರಡನೆಯ ಚಪ್ಪಲಿಯನ್ನೂ ಮೆಟ್ಟಿಕೊಂಡು ತಲೆ ಎತ್ತುತ್ತಾರೆ.

‘ಸತ್ತಿದ್ದ ಎಂಜಿನ್ ಬದುಕಿಸ್ದ ಅಂತ ಮಾತ್ರ ಬರೀಬ್ಯಾಡಿ ಸಾರ್. ಅದು ಸತ್ತೇ ಇರ್ಲಿಲ್ಲ. ಚಲುವಯ್ಯನೋರು ಹೇಳಿದ್ರು, ಜವ್ರಯ್ಯ ಕೇಳ್ಲಿಲ್ಲ. ಅಷ್ಟು ಬರೀರಿ, ಸಾಕು.’